ಮನೆಯಲ್ಲಿ ಆಡುವ ಭಾಷೆಗಳು

ಅತಿಥಿಗಳನ್ನು ಉಳಿಸಿಕೊಳ್ಳುವ ಮನೆಯವರು ತುಂಬಿಕೊಡಬೇಕಾದ ಫಾರಂ ಒಂದೇ ಪುಟದ್ದು. ಮನೆಯಲ್ಲಿ ಎಷ್ಟು ಜನ, ಅತಿಥಿಗೆ ಬೇರೆ ಕೋಣೆ ಇದೆಯೇ, ನಾಯಿ ಸಾಕಿದ್ದೀರಾ, ಮಾಂಸದ ಅಡುಗೆ ಮಾಡುತ್ತೀರಾ. ಏಳನೆಯ ಪ್ರಶ್ನೆ, ಮನೆಯಲ್ಲಿ ಆಡುವ ಭಾಷೆಗಳು ಯಾವುವು ಎಂದು. ನಾನು ಕನ್ನಡ, ತಮಿಳು, ಇಂಗ್ಲಿಷ್ ಎಂದು ಬರೆದೆ. ಬರೆಯುವಾಗ ಕೈ ಎಲ್ಲಿಯೂ ತಡೆಯಲಿಲ್ಲ. ಈಗ ಅದನ್ನೆಲ್ಲ ನೆನೆಯುವಾಗ ನನಗೆ ಹೆಚ್ಚು ಭಯವಾಗುವುದು ಅದಕ್ಕೇ.

ತಮಿಳುನಾಡಿನ ತೇನಿಯಲ್ಲಿರುವ ನಮ್ಮ ಸೇವಾ ಕ್ಲಬ್ಬಿನಲ್ಲಿ ಡಾಕ್ಟರರು, ಏಲಕ್ಕಿ ವ್ಯಾಪಾರಿಗಳು, ನನ್ನಂಥ ಕಾಲೇಜು ಅಧ್ಯಾಪಕಿಯರು ಇದ್ದಾರೆ. ಕಣ್ಣಿನ ತಪಾಸಣೆ ನಡೆಸುತ್ತೇವೆ, ಶಾಲೆಗಳಿಗೆ ಬೆಂಚು ಮಾಡಿಸಿಕೊಡುತ್ತೇವೆ. ವರ್ಷಕ್ಕೊಮ್ಮೆ ಬೇರೆ ದೇಶದ ಕ್ಲಬ್ಬಿನಿಂದ ಕೆಲವರು ಬರುತ್ತಾರೆ, ಇಲ್ಲಿಂದ ಕೆಲವರು ಅಲ್ಲಿಗೆ ಹೋಗುತ್ತಾರೆ. ಹೋಟೆಲಿನಲ್ಲಿ ಉಳಿಸುವ ಹಾಗಿಲ್ಲ, ಸದಸ್ಯರ ಮನೆಯಲ್ಲೇ ಇರಬೇಕು. ಒಬ್ಬರ ಅಡುಗೆಮನೆಯ ಅನ್ನ ಉಂಡವರಿಗೆ ಆ ದೇಶದವರ ಮೇಲೆ ದ್ವೇಷ ಇಟ್ಟುಕೊಳ್ಳುವುದು ಕಷ್ಟ ಎನ್ನುವುದು ಇದರ ಹಿಂದಿರುವ ನಂಬಿಕೆ. ನಾನೂ ನಂಬಿದ್ದೆ. ಈ ಅತಿಥಿ ವಿನಿಮಯದ ಕಾರ್ಯದರ್ಶಿ ನಾನೇ.

ಆ ವರ್ಷ ಬರುವವರು ಶ್ರೀಲಂಕಾದವರು, ನಾಲ್ಕು ಜನ. ಮೂವರು ತಮಿಳರು, ಅವರಿಗೆ ಬೇಗನೆ ಮನೆ ಸಿಕ್ಕಿತು. ನಾಲ್ಕನೆಯವರು ಸಿಂಹಳೀ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸುವವರು. ಆ ಹೆಸರನ್ನು ಓದಿದಾಗ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಒಬ್ಬರು ಫೋನು ನೋಡಿಕೊಂಡರು. ಇನ್ನೊಬ್ಬರು ತಮ್ಮ ಮಾವನಿಗೆ ಹುಷಾರಿಲ್ಲ ಎಂದರು. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ ನಕ್ಕರು.

"ಮೇಡಮ್ ಮನೆ ಇದೆಯಲ್ಲ! ಅವರು ಕನ್ನಡದೋರು. ಈ ತಮಿಳು ಸಿಂಹಳ ಜಗಳದಲ್ಲಿ ಅವರು ಯಾರ ಕಡೆಯೂ ಅಲ್ಲ. ನಮ್ಮ ಕ್ಲಬ್ಬಿನ ಸ್ವಿಟ್ಜರ್‌ಲ್ಯಾಂಡ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮವರು ಕನ್ನಡ ನಾಡಿನಿಂದ ತೇನಿಯ ಈ ಕಣಿವೆಗೆ ಬಂದು ಎಷ್ಟು ತಲೆಮಾರು ಕಳೆದಿದೆಯೋ ಯಾರಿಗೂ ಗೊತ್ತಿಲ್ಲ. ಹೊರಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಕನ್ನಡದ ಅಕ್ಷರ ಮಾತ್ರ ನಾನು ದೊಡ್ಡವಳಾದ ಮೇಲೆ ಕಲಿತದ್ದು. ಯಾರ ಕಡೆಯೂ ಅಲ್ಲ ಎನ್ನಿಸಿಕೊಳ್ಳುವುದು ನಮಗೆ ರೂಢಿಯಾಗಿಹೋಗಿದೆ, ಕೆಲವೊಮ್ಮೆ ಸುಖವೂ ಹೌದು. ಅಲ್ಲೇ ಕೂತು ಫಾರಂ ತುಂಬಿ ಕೊಟ್ಟೆ.

ಅತಿಥಿ ಬರುವುದಕ್ಕೆ ಎರಡು ದಿನ ಇರುವಾಗ, ಅಡುಗೆಮನೆಯಲ್ಲಿ ಕೂತು ಅಕ್ಕನಿಗೆ ಅಡುಗೆಯ ಪಟ್ಟಿ ಹೇಳುತ್ತಿದ್ದೆ. ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ಕಾಲೇಜಿಗೆ ಹೋಗುವಾಗ ಬೆಟ್ಟದ ಮೇಲಿನ ಬೋಡಿಮೆಟ್ಟಿನ ಏಲಕ್ಕಿ ತೋಟದಿಂದ ಇಳಿದು ನಮ್ಮ ಅವ್ವನಿಗೆ ಜೊತೆಯಾಗಿ ಬಂದವಳು. ಅವ್ವ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ನನಗೆ ಐವತ್ತು ದಾಟಿದರೂ ಅವಳಿಗೆ ನಾನು ಇನ್ನೂ ಪಾಪಾ.

"ಹುರುಳಿ ಸಾರು, ಕೀರೆ ಸೊಪ್ಪು, ಬದನೆಕಾಯಿ," ಎಂದೆ. "ಖಾರ ಕಮ್ಮಿ ಮಾಡು."

"ಯಾತಕ್ಕೆ ಕಮ್ಮಿ? ಯಾವೂರೋರು ಬತ್ತಾರೆ ಪಾಪಾ?"

"ಸಿಲೋನು."

ಕೀರೆ ಬಿಡಿಸುತ್ತಿದ್ದ ಅವಳ ಕೈ ನಿಲ್ಲಲಿಲ್ಲ. "ನಮ್ಮ ತಮಿಳೋರಾ, ಸಿಂಗಳದೋರಾ?"

ಆ 'ನಮ್ಮ' ಕೇಳಿದ ಕೂಡಲೇ ನಾನು ಮಾಡಿದ್ದೇನು ಎಂದು ಗೊತ್ತಾಯಿತು.

ಅಕ್ಕ ಹುಟ್ಟಿದ್ದು ಸಿಲೋನಿನಲ್ಲೇ, ಒಂದು ಟೀ ತೋಟದ ಕೂಲಿಗಳ ಲೈನು ಮನೆಯಲ್ಲಿ. ತಮಿಳರ ಮೇಲಿನ ಗಲಭೆಯಲ್ಲಿ ಅವರ ಮನೆಗಳ ಸಾಲನ್ನು ಸುಟ್ಟರು. ಅಣ್ಣ ಪೇಟೆಯಿಂದ ವಾಪಸು ಬರಲಿಲ್ಲ. ಇಪ್ಪತ್ತು ವರ್ಷದ ಅವಳು ತಂಗಿಯ ಕೈ ಹಿಡಿದು ಹಡಗು ಹತ್ತಿ ಈ ದೇಶಕ್ಕೆ ಬಂದಳು. ಇದೆಲ್ಲ ನನಗೆ ಗೊತ್ತಿತ್ತು. ಅವ್ವನ ಮುಂದೆ ಅವಳು ಒಂದೇ ಒಂದು ಸಲ ಹೇಳಿದಾಗ ನಾನೂ ಪಕ್ಕದಲ್ಲಿದ್ದೆ. ಆದರೆ ಬಂದ ಎರಡು ವರ್ಷದಲ್ಲಿ ಅವಳು ನಮ್ಮ ಮನೆಮಾತನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಮದುವೆ ಮನೆಗಳಲ್ಲಿ ಅವಳನ್ನು ನಮ್ಮ ಕುಲದವಳೆಂದೇ ತಿಳಿಯುತ್ತಿದ್ದರು. ಬೇರೆಯವರು ಹಾಗೆ ತಿಳಿದಿದ್ದರೆ ಸರಿ. ನಾನೂ ಹಾಗೇ ತಿಳಿದುಬಿಟ್ಟಿದ್ದೆ. ಕನ್ನಡ ಆಡುವ ಮನೆ ಎಂದು ಬರೆಯುವಾಗ ಅವಳನ್ನೂ ಆ ಕನ್ನಡದೊಳಗೇ ಸೇರಿಸಿ ಮರೆತಿದ್ದೆ.

"ಸಿಂಗಳದೋರು," ಎಂದೆ.

ಅಕ್ಕ ಕೀರೆಯನ್ನು ತೊಳೆಯಲು ಎದ್ದಳು. ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದಳು.

"ನಾ ಆಂಡಿಪಟ್ಟಿಗೆ ಹೋಯ್ತೀನಿ, ತಂಗಿ ಮನೆಗೆ," ಎಂದಳು.

"ಮೂರು ದಿನ ತಾನೆ ಅಕ್ಕಾ. ಹೋಗಿ ಬಾ. ನಾನೇ ಅಡುಗೆ..."

"ಮೂರು ದಿನ ಅಂತ ನಾ ಸೊಲ್ಲಲೇ ಇಲ್ಲವಲ್ಲ."

ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. ಕೋಪ ಇರಲಿಲ್ಲ. "ಅವಳು ಬರೋದು ಇರಲಿ ಪಾಪಾ. ನೀ ಮರ್ತೇಬಿಟ್ಟೆ ಅಲ್ಲಾ?"

ಆ ಸಂಜೆ ಅಧ್ಯಕ್ಷರಿಗೆ ಫೋನು ಮಾಡಿ ಮನೆ ಬದಲಾಯಿಸಿ ಎಂದು ಕೇಳಿದೆ. ಕಾರಣ ಹೇಳದೆ ಆಗಲಿಲ್ಲ. ಹೇಳಬಾರದಿತ್ತು. ಅವರು ಉತ್ಸಾಹದಿಂದ ಮಾತಾಡತೊಡಗಿದರು.

"ಮೇಡಮ್, ಇದಕ್ಕಿಂತ ಒಳ್ಳೇದು ಏನಿದೆ? ದಿಂಡಿಗಲ್ಲಿನ ಬೀಳ್ಕೊಡುಗೆ ಸಮಾರಂಭಕ್ಕೆ ಆ ಅಮ್ಮನ್ನೂ ಕರಕೊಂಡು ಬನ್ನಿ. ಇಬ್ಬರನ್ನೂ ವೇದಿಕೆ ಮೇಲೆ ನಿಲ್ಲಿಸಿ ಕೈ ಕೈ ಹಿಡಿಸೋಣ. ಶಾಂತಿ ಅಂತ ನಾವು ವರ್ಷವೆಲ್ಲ ಬಾಯಲ್ಲಿ ಹೇಳ್ತೀವಿ, ಇದು ಕಣ್ಣಿಗೇ ಕಾಣುತ್ತೆ."

"ಬೇಡ ಸಾರ್."

"ಹಳೇ ಕತೆ ಮೇಡಮ್ ಅದು."

"ಬೇಡ ಸಾರ್," ಎಂದೆ ಮತ್ತೆ. ಅವರು ಕೆಟ್ಟವರಲ್ಲ. ಮನೆ ಬದಲಾಗಲಿಲ್ಲ, ಬೇರೆ ಮನೆಯೇ ಇರಲಿಲ್ಲ.

ಅತಿಥಿ ಬಂದ ದಿನ ಬೆಳಿಗ್ಗೆ ಅಕ್ಕನ ಬಟ್ಟೆಯ ಚೀಲ ಅವಳ ಮಂಚದ ಮೇಲೆ ಕಟ್ಟಿಟ್ಟ ಹಾಗೇ ಇತ್ತು. ಅಕ್ಕ ಅಡುಗೆಮನೆಯಲ್ಲಿದ್ದಳು. ಯಾಕೆ ಹೋಗಲಿಲ್ಲ ಎಂದು ಕೇಳಲು ಧೈರ್ಯವಾಗಲಿಲ್ಲ. ಕೇಳಿದರೆ ಹೊರಟುಬಿಟ್ಟಾಳು ಎನಿಸಿತು. ಮಧುರೈ ವಿಮಾನ ನಿಲ್ದಾಣದಿಂದ ವ್ಯಾನು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಇಳಿದವರು ನನಗಿಂತ ಸ್ವಲ್ಪ ಚಿಕ್ಕವರು, ಸಣ್ಣ ಕಾಯದವರು, ಚಪ್ಪಲಿಯನ್ನು ಹೊರಗೆ ಜೋಡಿಸಿ ಇಟ್ಟರು. ತಮ್ಮ ಕ್ಲಬ್ಬಿನ ಪುಟ್ಟ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ನಮ್ಮದನ್ನು ಕೊಟ್ಟೆ. ಇಬ್ಬರೂ ಹೇಗೆ ನಗಬೇಕೋ ಹಾಗೆ ನಕ್ಕೆವು. ನನ್ನ ಕಿವಿಯೆಲ್ಲ ಅಡುಗೆಮನೆಯ ಕಡೆಗೇ ಇತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದೂರದಿಂದ ಬಂದವರಿಗೆ ಮೊದಲ ಊಟದ ಅನ್ನವನ್ನು ಮನೆಯ ಹಿರಿಯ ಹೆಂಗಸೇ ಬಡಿಸಬೇಕು. ಅವ್ವ ಇರುವವರೆಗೂ ಅವ್ವ, ಆಮೇಲೆ ಅಕ್ಕ. ಆ ದಿನ ಅದನ್ನು ನಾನೇ ಮಾಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ಎಲೆ ಹಾಕಿ, ನೀರು ಇಟ್ಟು, ಅನ್ನದ ಪಾತ್ರೆಗೆಂದು ಒಳಗೆ ಹೋದೆ. ಪಾತ್ರೆ ಅಕ್ಕನ ಕೈಯಲ್ಲಿತ್ತು. "ಆಕಡೆ ಇರು," ಎಂದು ಮೊಣಕೈಯಿಂದ ನನ್ನನ್ನು ಸರಿಸಿ ನಡೆದಳು.

ಅನ್ನ ಹಾಕಿದಳು. ಸಾರು ಹಾಕಿದಳು. ಮತ್ತೆ ಒಳಗೆ ಬಂದು ಒಂದು ಸಣ್ಣ ಬಟ್ಟಲು ತೆಗೆದುಕೊಂಡು ಹೋದಳು. ನನ್ನ ಪಟ್ಟಿಯಲ್ಲಿ ಇಲ್ಲದ್ದು ಅದು. ತೆಂಗಿನತುರಿ, ಒಣಮೆಣಸು, ಸಣ್ಣ ಈರುಳ್ಳಿಯನ್ನು ಕಲ್ಲಿನಲ್ಲಿ ಕುಟ್ಟಿ, ಹುಳಿ ಹಿಂಡಿ ಅವಳು ಮಾಡುವ ಕೆಂಪು ಚಟ್ನಿ. ಮೂವತ್ತು ವರ್ಷದಿಂದ ನಾವದನ್ನು ಅಕ್ಕನ ಚಟ್ನಿ ಎಂದೇ ಕರೆದು ತಿಂದಿದ್ದೇವೆ.

ಅತಿಥಿ ಅದನ್ನು ನೋಡಿದರು. "ಪೊಲ್ ಸಂಬೋಲ್," ಎಂದು ತಮ್ಮೂರಿನಲ್ಲಿ ಅದಕ್ಕಿರುವ ಹೆಸರು ಹೇಳಿದರು, ತಮಗೇ ಹೇಳಿಕೊಂಡಂತೆ.

ಅಕ್ಕ ಉತ್ತರ ಕೊಟ್ಟಳು. ಕನ್ನಡದಲ್ಲಿ ಅಲ್ಲ, ತಮಿಳಿನಲ್ಲೂ ಅಲ್ಲ. ಸಿಂಹಳ ಭಾಷೆ ಅವಳ ಬಾಯಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳ ದನಿಯೇ ಬೇರೆಯಾಯಿತು, ಸ್ವಲ್ಪ ತೆಳ್ಳಗೆ, ಇಪ್ಪತ್ತು ವರ್ಷದವಳ ದನಿಯಂತೆ. ಅತಿಥಿಯ ಕೈ ಅನ್ನದ ಮೇಲೆ ಹಾಗೇ ನಿಂತಿತು. ಅಕ್ಕ ಒಂದು ಪ್ರಶ್ನೆ ಕೇಳಿದಳು. ಅವರು ಒಂದು ಊರಿನ ಹೆಸರು ಹೇಳಿದರು. ಅದು ನನಗೂ ತಿಳಿಯಿತು, ಅಕ್ಕ ಹುಟ್ಟಿದ ತೋಟದ ಹತ್ತಿರದ ಪೇಟೆ. ಅಕ್ಕ ಇನ್ನೊಂದು ಕೇಳಿದಳು. ಅವರು ತಲೆ ತಗ್ಗಿಸಿ, ನಿಲ್ಲಿಸಿ ನಿಲ್ಲಿಸಿ ಏನೋ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಫ್ಯಾನಿನ ಗಾಳಿಗೆ ಬಾಳೆಲೆಯ ಒಂದು ತುದಿ ಏಳುತ್ತಿತ್ತು, ಬೀಳುತ್ತಿತ್ತು. ಅಕ್ಕ ಆ ತುದಿಯ ಮೇಲೆ ನೀರಿನ ಲೋಟ ಇಟ್ಟಳು. ಒಂದು ಚಿಕ್ಕ ಮಾತು ಹೇಳಿ ಒಳಗೆ ಹೋದಳು.

ಅತಿಥಿ ಉಂಡರು. ಎಲೆಯಲ್ಲಿ ಏನೂ ಬಿಡಲಿಲ್ಲ. ಕೈ ತೊಳೆದು ಬಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

"ಆ ಗಲಭೆಯ ದಿನ 'ನಿಮ್ಮ ಮನೆಯವರು ಏನು ಮಾಡಿದರು' ಎಂದು ಅವರು ನನ್ನನ್ನು ಕೇಳಿದರು. ನನಗೆ ಆಗ ಎಂಟು ವರ್ಷ. ಹೊಗೆ ನಮ್ಮ ಜಗಲಿಗೇ ಕಾಣುತ್ತಿತ್ತು. ನನ್ನ ತಂದೆ ಬಾಗಿಲು ಹಾಕಿದರು. ನಾವು ಯಾರಿಗೂ ಕೇಡು ಮಾಡಲಿಲ್ಲ, ಯಾರಿಗೂ ಬಾಗಿಲನ್ನೂ ತೆರೆಯಲಿಲ್ಲ. ಅದನ್ನೇ ಹೇಳಿದೆ. ಬೇರೆ ಏನು ಹೇಳಲಿ?"

"ಅಕ್ಕ ಏನೆಂದಳು?"

"ಆರಿಹೋಗುತ್ತೆ, ಉಣ್ಣು, ಎಂದರು."

ಉಳಿದ ಎರಡು ದಿನ ಕಾರ್ಯಕ್ರಮದ ಪ್ರಕಾರವೇ ನಡೆದವು. ಚಿನ್ನಾಳಪಟ್ಟಿಯಲ್ಲಿ ಮಗ್ಗ ನೋಡಿದೆವು. ಶಾಲೆಯಲ್ಲಿ ಬೇವಿನ ಸಸಿ ನೆಟ್ಟೆವು. ಅಕ್ಕ ಮೂರು ಹೊತ್ತೂ ಅಡುಗೆ ಮಾಡಿದಳು, ಆದರೆ ಮತ್ತೆ ಹೊರಗೆ ಬಂದು ಬಡಿಸಲಿಲ್ಲ. ಇಬ್ಬರೂ ಆ ಭಾಷೆಯಲ್ಲಿ ಮತ್ತೆ ಮಾತಾಡಿದ್ದು ನಾನು ಕೇಳಲಿಲ್ಲ. ದಿಂಡಿಗಲ್ ಸಮಾರಂಭದಲ್ಲಿ ಅಧ್ಯಕ್ಷರು ಮೈಕು ಹಿಡಿದು ನನ್ನ ಹಿಂದೆ ಮುಂದೆ ಕಣ್ಣಾಡಿಸಿದರು. ನಾನು ಒಬ್ಬಳೇ ಬಂದಿದ್ದೆ. ಅವರು ಆ ವಿಷಯವನ್ನೇ ಎತ್ತದಿದ್ದಾಗ ಅವರ ಮೇಲೆ ನನಗೆ ಮೊದಲ ಬಾರಿ ನಿಜವಾದ ಪ್ರೀತಿ ಬಂತು. ಸ್ನೇಹದ ಪ್ರತಿಜ್ಞೆಯನ್ನು ಎಲ್ಲರೂ ಎದ್ದು ನಿಂತು ಓದಿದೆವು. ಪಕ್ಕದಲ್ಲಿದ್ದ ಅತಿಥಿಯ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ನನ್ನದೂ ಅಷ್ಟೇ ಇದ್ದಿರಬಹುದು.

ಅವರನ್ನು ಕಳಿಸಿ ಮನೆಗೆ ಬಂದಾಗ ಮಂಚದ ಮೇಲಿನ ಚೀಲ ಇರಲಿಲ್ಲ. ಒಲೆ ಒರೆಸಿತ್ತು, ಪಾತ್ರೆ ಕವುಚಿಟ್ಟಿತ್ತು. ಆಂಡಿಪಟ್ಟಿಯಲ್ಲಿರುವ ತಂಗಿಗೆ ಫೋನು ಮಾಡಿದೆ. "ಇಲ್ಲೇ ಅವಳೆ, ಮಲಗವಳೆ," ಎಂದಳು. ಮರುದಿನವೂ ಮಲಗಿದ್ದಳು. ಅದರ ಮರುದಿನ ನಾನು ಫೋನು ಮಾಡಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮರೆತೆ ಎಂದು ಹೇಳಲು ಹೋಗಬೇಕೇ? ಅದು ಅವಳಿಗೇ ಗೊತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅಡುಗೆಮನೆಯಲ್ಲಿ ಕಲ್ಲಿನ ಸದ್ದು ಕೇಳಿತು. ಬಾಗಿಲಲ್ಲಿ ನಿಂತೆ. ಅವಳು ತಿರುಗಲಿಲ್ಲ.

"ಆಂಡಿಪಟ್ಟಿ ತೆಂಗಿನಕಾಯಿ ಬರಡು. ಹಾಲೇ ಇಲ್ಲ," ಎಂದಳು.

ಮುಂದಿನ ವರ್ಷದ ಫಾರಂ ಕಳೆದ ವಾರ ಬಂತು. ಅದನ್ನು ಅಡುಗೆಮನೆಗೆ ಒಯ್ದು ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಏಳನೆಯದನ್ನು ಓದಿ, "ನಾಲ್ಕನೆಯ ಭಾಷೆಯನ್ನೂ ಬರೆಯಲಾ ಅಕ್ಕಾ?" ಎಂದು ಕೇಳಿದೆ.

"ಬ್ಯಾಡ. ಅದು ಈ ಮನೇದಲ್ಲ, ನಂದು," ಎಂದಳು. ಆಮೇಲೆ, "ಎಷ್ಟು ಜನ ಬತ್ತಾರೆ?"

"ನೀನು ಸರಿ ಅಂದರೆ ಒಬ್ಬರು."

"ಯಾವೂರೋರು?"

ಇನ್ನೂ ತಿಳಿದಿಲ್ಲ ಎಂದೆ.

"ತಿಳ್ಕಂಡು ಬಾ. ಆಮೇಲೆ ಬರಿ."

ಫಾರಂ ಇನ್ನೂ ನನ್ನ ಮೇಜಿನ ಮೇಲಿದೆ. ಅಧ್ಯಕ್ಷರು ಎರಡು ಸಲ ಕೇಳಿದ್ದಾರೆ. ತಿಳಿದುಕೊಳ್ಳುತ್ತಿದ್ದೇನೆ ಎಂದು ಹೇಳಿದ್ದೇನೆ.