ಅಡುಗೆಕಟ್ಟೆಯ ಮೇಲಿನ ಪಿಕ್ಟ್ ಹಾವು

ಮೊನ್ನೆ ಪಕ್ಕದ ಮನೆಯಲ್ಲಿ ಕಲ್ಲು ಕೊಯ್ಯುತ್ತಿದ್ದರು. ನೀರು ಬಿದ್ದ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾರ್ತ್‌ರಿಜ್‌ನ ಆಂಟಿ ನೆನಪಾದರು...

2004ರಲ್ಲಿ ನಾನು ಅಮೆರಿಕದ ಆ ಊರಿನಲ್ಲಿ ಓದುತ್ತಾ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಂಟಿ ಧಾರವಾಡದವರು. ಮದುವೆಗೆ ಮುಂಚೆ ಸ್ಕಾಟ್ಲೆಂಡಿನಲ್ಲಿ ಓದುವಾಗ, ಪಿಕ್ಟ್ ಎಂಬ ಪ್ರಾಚೀನ ಜನ ಕೆತ್ತಿದ ಕಲ್ಲುಗಳನ್ನು ಹುಡುಕಿಕೊಂಡು ಹೊಲ, ಚರ್ಚಿನಂಗಳವೆಲ್ಲ ಅಲೆದವರು. ಕಲ್ಲಿನ ಮೇಲೆ ಕಾಗದ ಹೊದಿಸಿ, ಮೇಣದ ಬಳಪ ಉಜ್ಜಿ ಇಳಿಸಿಕೊಂಡ ಹಾವು, ಮೀನು, ಕನ್ನಡಿ, ಬಾಚಣಿಗೆಗಳು ಸುರುಳಿ ಸುರುಳಿಯಾಗಿ ಗ್ಯಾರೇಜಿನಲ್ಲಿದ್ದವು. ಒಮ್ಮೆ ನನಗೂ ಬಿಚ್ಚಿ ತೋರಿಸಿದ್ದರು. "ಅವರ ಮಾತು ಸತ್ತು ಹೋತವ್ವಾ, ಇಷ್ಟ ಉಳದಾವ." ಎಂದಾದರೂ ಅವುಗಳ ಬಗ್ಗೆ ಪುಸ್ತಕ ಬರೆಯಬೇಕೆಂದಿದ್ದರು.

ಅಂಕಲ್ ಅಲ್ಲಿಗೆ ಹತ್ತಿರದ ಎಲ್ ಸೆಗುಂಡೋ ಎಂಬ ಊರಿನಲ್ಲಿ ಇಂಜಿನಿಯರ್. ಆ ವರ್ಷ ಅಡುಗೆಮನೆ ರಿಮಾಡೆಲ್ ಮಾಡಿಸಿ ಕರಿ ಗ್ರಾನೈಟ್ ಕಟ್ಟೆ ಹಾಕಿಸಿದರು. ಸಾಮಾನಿಡಲು ಜಾಗ ಬೇಕೆಂದು ಗ್ಯಾರೇಜನ್ನೂ ಖಾಲಿ ಮಾಡಿಸಿದರು. ಸುರುಳಿಗಳು ಎಲ್ಲಿ ಎಂದು ಆಂಟಿ ಕೇಳಿದಾಗ ಅಂಕಲ್ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಆ ಹಳೆ ಕಾಗದ ಇಟ್ಕೊಂಡು ಏನ್ ಮಾಡ್ತಿದ್ದಿ? ಕಸಕ್ಕ ಹಾಕಿಸಿದೆ."

ಆಂಟಿ ಅಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಅಂಕಲ್ ಕೆಲಸದ ಮೇಲೆ ಸ್ಯಾನ್ ಡಿಯಾಗೋಗೆ ಹೋದ ವಾರ ಆಂಟಿ ಸುತ್ತಿಗೆ, ಉಳಿ ತಂದರು. ದಿನವಿಡೀ ಟಕ್ ಟಕ್ ಸದ್ದು. ಹೊಳೆಯುವ ಹೊಸ ಕಟ್ಟೆಯ ನಟ್ಟನಡುವೆ ಹಾವೊಂದು ಮೂಡಿತು.

"ಅಂಕಲ್ ನೋಡಿದ್ರೆ ಏನಂತಾರೆ ಆಂಟಿ?" ಎಂದೆ.

"ನೋಡ್ಲಿ ಅಂತನ ಕೆತ್ತಾಕ್ಹತ್ತೀನಿ."

ಅಂಕಲ್ ಬಂದು ಕೂಗಾಡಿದರು ನಿಜ. ಆದರೆ ಭಾನುವಾರ ಊಟಕ್ಕೆ ಬಂದ ಅವರ ಬಾಸ್ ಹಾವನ್ನು ಸವರಿ ಸವರಿ ಹೊಗಳಿದ್ದೇ ಹೊಗಳಿದ್ದು. ಅಂಕಲ್ ನಕ್ಕು, ಅದು ತಮ್ಮದೇ ಐಡಿಯಾ ಎಂದುಬಿಟ್ಟರು. ಆಂಟಿ ಹೋಳಿಗೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು. ಸುತ್ತಿಗೆ ಹಿಡಿದು ಬಂದವರೇ ಎಲ್ಲರೆದುರು ಹಾವಿನ ತಲೆಗೆ ಬಾರಿಸತೊಡಗಿದರು, ಕಟ್ಟೆ ಸೀಳುವ ತನಕ.

"ಈಗ ಹೇಳ್ರಿ, ಇದೂ ನಿಮ್ಮ ಐಡಿಯಾನ?"

ಅಂದೇ ಆಂಟಿಯನ್ನು ಸ್ಯಾನ್ ಡಿಯಾಗೋ ಕಡೆಯ ಲಾ ಹೋಯಾದಲ್ಲಿದ್ದ ಅವರ ಗೆಳತಿಯ ಮನೆಗೆ ನನ್ನ ಕಾರಿನಲ್ಲಿ ಬಿಟ್ಟುಬಂದೆ. ಸಮಾಧಾನ ಆಯ್ತಾ ಎಂದು ದಾರಿಯಲ್ಲಿ ಕೇಳಿದೆ. "ಒಂದು ಕಟ್ಟಿ ಒಡದ್ರ ಆ ಸುರುಳಿ ತಿರುಗಿ ಬರತಾವೇನವ್ವಾ?" ಎಂದರು. ಅವರು ಮತ್ತೆ ನಾರ್ತ್‌ರಿಜ್‌ಗೆ ಬರಲಿಲ್ಲ. ಪುಸ್ತಕವೂ ಆಗಲಿಲ್ಲ.

ಕಳೆದ ತಿಂಗಳು ಆಂಟಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಾನು ಜೊತೆಗಿದ್ದೆ. ಅದನ್ನು ಯಾರಿಂದಲೋ ತಿಳಿದು ನಿನ್ನೆ ಅಂಕಲ್ ಫೋನ್ ಮಾಡಿದ್ದರು.

"ನನ್ನ ಬಗ್ಗೆ ಏನರ ಅಂದ್ಲೇನು? ಕ್ಷಮಿಸಿದ್ಲೇನು?"

ಒಂದು ಸುಳ್ಳು ಹೇಳಿದ್ದರೆ ಆ ಮುದುಕರಿಗೆ ನಿದ್ದೆ ಬರುತ್ತಿತ್ತೇನೋ...

"ಇಲ್ಲ ಅಂಕಲ್. ನಿಮ್ಮ ಹೆಸರೇ ಎತ್ತಲಿಲ್ಲ," ಎಂದೆ.

ಫೋನಿಟ್ಟೆ. ಇದನ್ನು ಹೇಳಲೆಂದು ನನ್ನ ಬೆರಳು ತಾನಾಗಿ ಆಂಟಿಯ ನಂಬರಿಗೆ ಹೋಯಿತು.