ಮನಸ್ಸನ್ನು ಒಪ್ಪದ ಡಾಕ್ಟರು

ಮಿದುಳಿನ ಡಾಕ್ಟರಿಗೆ ಮನಸ್ಸು ಅನ್ನುವ ಮಾತೇ ಆಗಿಬರುವುದಿಲ್ಲ. ಪ್ರಜ್ಞೆಯಿಲ್ಲದೆ ಮಲಗಿರುವ ನನ್ನ ತಂಗಿಯ ತಲೆಗೆ ದಿನವೂ ಬೆಳಿಗ್ಗೆ ಇಪ್ಪತ್ತೊಂದು ತಂತಿ ಅಂಟಿಸಿ, ಕನ್ನಡಕ ಹಣೆಗೇರಿಸಿಕೊಂಡು, ಪರದೆಯ ಮೇಲೆ ಓಡುವ ಗೆರೆಗಳನ್ನು ನೋಡುತ್ತಾರೆ. ಪಕ್ಕದ ಹಾಸಿಗೆಯ ಅಜ್ಜ ದೇವರು ಕಂಡ ಎಂದರೆ, “ಎಲ್ಲಿ ಕಂಡ ಅಜ್ಜ, ಎಡಗಡೆಗೋ ಬಲಗಡೆಗೋ? ತಲೆ ಮುಟ್ಟಿ ತೋರಿಸಿ” ಎನ್ನುತ್ತಾರೆ. “ಮನಸ್ಸೇ ಇಲ್ದಿದ್ರೆ ನಿಮಗೆ ಬೇಜಾರು ಎಲ್ಲಾಗುತ್ತೆ ಸಾರ್?” ಎಂದು ನರ್ಸಮ್ಮ ಕೆಣಕಿದರೆ, “ಅದಕ್ಕೂ ಒಂದು ಜಾಗ ಇದೆ, ಕಿವಿಯಿಂದ ಸ್ವಲ್ಪ ಒಳಗೆ” ಎಂದು ಬೆರಳಿಟ್ಟು ತೋರಿಸುತ್ತಾರೆ. “ನನ್ನ ತಂಗಿ ಒಳಗಿದ್ದಾಳಾ ಡಾಕ್ಟ್ರೇ?” ಎಂದು ನಾನು ಕೇಳಿದಾಗಲೂ, “ಗೆರೆ ಓಡ್ತಿದೆಯಮ್ಮ, ಅಷ್ಟೇ ಹೇಳಬಲ್ಲೆ” ಎಂದರು. ಆದರೆ ನಾನು ಹತ್ತೊಂಬತ್ತು ದಿನದಿಂದ ಪಕ್ಕದಲ್ಲೇ ಕೂತು ನೋಡುತ್ತಿದ್ದೇನೆ. ಬಾಚಣಿಗೆಯ ತುದಿಯಿಂದ ಕೂದಲು ಬಿಡಿಸಿ ಅಂಟು ಹಚ್ಚುವ ಮೊದಲು, ಒಂದು ದಿನವೂ ತಪ್ಪದೆ, ಅವರು ಅವಳ ಕಿವಿಯ ಹತ್ತಿರ ಬಗ್ಗಿ, “ಸ್ವಲ್ಪ ತಣ್ಣಗಿರುತ್ತೆ ಅಕ್ಕಾ, ಹಚ್ಚಲಾ?” ಎಂದು ಕೇಳುತ್ತಾರೆ. ಕೇಳಿ, ಅವಳು ಹೂಂ ಅನ್ನುವಷ್ಟು ಹೊತ್ತು ಸುಮ್ಮನೆ ಕಾಯುತ್ತಾರೆ. ಇವತ್ತಿನಿಂದ ನಾನೂ ಅವಳಿಗೆ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದೇನೆ. ಒಂದೊಂದು ಸುದ್ದಿಗೂ ಅಷ್ಟೇ ಹೊತ್ತು ಕಾಯುತ್ತೇನೆ.