ಗಿರಿಜಾ ಕದ್ದು ತಿಂದಿರಲಿಲ್ಲ

ನಿನ್ನ ಹಲ್ಲಿನ ಕ್ಲಿಪ್ಪು ಕಿತ್ತುಬಂದದ್ದು ನನ್ನಿಂದ, ಗಿರಿಜಾ. ನಿನಗೆ ಗೊತ್ತು, ನನಗೆ ಗೊತ್ತು — ಮೂರನೆಯವರಿಗೆ ಗೊತ್ತಿಲ್ಲ. ನಿನ್ನ ಅವ್ವನಿಗೂ.

ಸವಣೂರಿನಲ್ಲಿ ಕುರುಕಲು ಖಾರ ಕರಿಯುವವರು ಬಹಳ ಜನ. ನನ್ನ ಕೈರುಚಿಯವರು ಕಡಿಮೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ದಿನದ ಮೊದಲ ಘಾಣ, ಅಂದರೆ ಒಮ್ಮೆಗೆ ಕರಿದಷ್ಟು ಖಾರ, ಕಡಾಯಿಯಿಂದ ಇಳಿದರೆ ಮನೆಮಗಳು ರುಚಿ ನೋಡಬೇಕು. ಅವಳು ಹೂಂ ಅಂದರಷ್ಟೇ ಅಂಗಡಿಗೆ. ಮೊದಲು ನನ್ನ ಅಕ್ಕ ನೋಡುತ್ತಿದ್ದಳು, ಆಮೇಲೆ ನೀನು. ನಿನ್ನ ನಾಲಿಗೆಯನ್ನು ನನ್ನದಕ್ಕಿಂತ ಹೆಚ್ಚು ನಂಬಿದ್ದೆ.

ನೀನು ಎಂಟನೆಯ ಇಯತ್ತೆಯಲ್ಲಿದ್ದಾಗ ಉಬ್ಬುಹಲ್ಲಿಗೆ ಹುಬ್ಬಳ್ಳಿಯಲ್ಲಿ ತಂತಿ ಹಾಕಿಸಿದೆವು. ಗಟ್ಟಿಯಾದದ್ದನ್ನು ಕಡಿಯಲೇಬಾರದು ಎಂದರು ಡಾಕ್ಟರಮ್ಮ. ನಿನ್ನದು ಅದೆಂಥ ಶಿಸ್ತು! ಪೇರಲಹಣ್ಣನ್ನೂ ಚೂರು ಮಾಡಿ ತಿನ್ನುತ್ತಿದ್ದೆ. ಉಂಡು ಎದ್ದ ಕೂಡಲೇ ಸಣ್ಣ ಬ್ರಷ್ಷು ಹಿಡಿದು ತಂತಿಯ ಸಂದಿಸಂದಿ ತಿಕ್ಕುತ್ತಿದ್ದೆ. ಡಾಕ್ಟರಮ್ಮ ಬೇರೆ ಮಕ್ಕಳನ್ನು ಕರೆದು ನಿನ್ನ ಹಲ್ಲು ತೋರಿಸುತ್ತಿದ್ದರು. "ತಂದಿ ಅಂದ್ರ ಹಿಂಗ ಕಾಳಜಿ ಮಾಡ್ಬೇಕು ನೋಡ್ರಿ" ಎಂದು ನನ್ನನ್ನೂ ಹೊಗಳುತ್ತಿದ್ದರು. ಮಾಡಿದ್ದು ನೀನು, ಉಬ್ಬಿದ್ದು ನಾನು.

ದೀಪಾವಳಿ ಹತ್ತಿರ ಬಂದಿತ್ತು. ಹೊಸ ಮಸಾಲೆ, ಕರಿದ ಕಡಲೆಬೇಳೆ — ರುಚಿ ಹದವಾಗಿದೆಯೋ ಇಲ್ಲವೋ, ನಿನ್ನ ಹೂಂ ಇಲ್ಲದೆ ಅಂಗಡಿಗೆ ಕಳಿಸಲು ನನಗೆ ಧೈರ್ಯ ಸಾಲಲಿಲ್ಲ. "ಬ್ಯಾಡಪ್ಪಾ" ಎಂದೆ ನೀನು. "ನಾಕ ಬ್ಯಾಳಿ ಕಡದ್ರ ಏನೂ ಆಗಂಗಿಲ್ಲ, ತಿನ್ನು" ಎಂದೆ ನಾನು. ಎರಡು ಕ್ಲಿಪ್ಪು ಕಿತ್ತುಬಂದವು.

"ಗಟ್ಟಿದ್ದು ಏನ್ ಕಡದೀ, ಅವ್ವಿ?" ಎಂದು ಡಾಕ್ಟರಮ್ಮ ಕೇಳಿದಾಗ ನೀನು ಬಾಯಿ ತೆರೆಯುವ ಮೊದಲೇ ನಾನು — ಹೌದು, ನಾನೇ —

"ಕದ್ದು ತಿಂತಾಳ್ರಿ. ಬಾಯಿಚಪಲ ಭಾಳ."

ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ ಅವರ ಕಡೆ ತಿರುಗಿ, "ತಪ್ಪಾತ್ರಿ" ಎಂದೆ.

ನಿನ್ನ ಜಾಗದಲ್ಲಿ ನಾನಿದ್ದರೆ ಅಪ್ಪನ ಮಾನ ಅಲ್ಲೇ ಹರಾಜಿಗಿಡುತ್ತಿದ್ದೆ. ಇಂಥ ಮಗಳು ನನ್ನ ಮನೆಯಲ್ಲಿ ಹುಟ್ಟಿದಳಲ್ಲ ಎಂದು ಎದೆ ತುಂಬಿಬಂತು. ಅಷ್ಟು ದೊಡ್ಡ ಹೆಮ್ಮೆ — ಯಾರ ಮುಂದೆ ಹೇಳಲಿ? ಹೇಳಿದರೆ ನನ್ನ ಸುಳ್ಳನ್ನೂ ಹೇಳಬೇಕಾಗುತ್ತಿತ್ತು.

ಚಿಕಿತ್ಸೆ ಬೆಳೆಯಿತು. ಮನೆಯಲ್ಲೂ ನಾನು ಅದೇ ಸುಳ್ಳು ಹೇಳಿದ್ದೆ. ನಿನ್ನ ಅವ್ವ ನಿನ್ನನ್ನು ಕಡಾಯಿಯ ಹತ್ತಿರವೂ ಬಿಡಲಿಲ್ಲ. ತಂತಿ ತೆಗೆದ ಮೇಲೂ ಮೊದಲ ಘಾಣ ನಿನ್ನ ಕೈಗೆ ಬರಲಿಲ್ಲ. ಕದ್ದು ತಿನ್ನುವಾಕಿ ಎಂಬ ಹೆಸರು ನಿಂತುಬಿಟ್ಟಿತ್ತು. ಈಗ ನಿನ್ನ ಹಲ್ಲಿನ ಸಾಲು ನೋಡಿದವರು ಕಣ್ಣು ಕೀಳುವುದಿಲ್ಲ. ಆದರೆ ಆ ಹೆಸರು...

ಮೊನ್ನೆ ಅಕ್ಕಿಆಲೂರಿನವರು ನಿನ್ನನ್ನು ನೋಡಲು ಬಂದಾಗ ಅವ್ವ ನಗುತ್ತ ಅದನ್ನೇ ಹೇಳಿದಳು. ಹುಡುಗನ ತಾಯಿ, "ಹಂಗಾರ ನಮ್ಮ ಅಡಿಗಿಮನಿಗೆ ಕೀಲಿ ಹಾಕ್ಬೇಕಾತು ಬಿಡ್ರಿ" ಎಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಅವರ ತಟ್ಟೆಗೆ ಇನ್ನಷ್ಟು ಖಾರ ಬಡಿಸಿದೆ. ನನ್ನ ಸುಳ್ಳು ನಿನ್ನ ಜೊತೆ ಗಂಡನ ಮನೆಗೂ ಹೊರಟಿದೆ — ಅದನ್ನು ನೋಡುತ್ತ ಬಡಿಸಿದೆ.

ನಾಡಿದ್ದು ಮಾತುಕತೆಗೆ ಅವರು ಮತ್ತೆ ಬರುತ್ತಾರೆ. ಎಲ್ಲರೂ ಕೂತ ಮೇಲೆ ಹೇಳುತ್ತೇನೆ: "ನನ್ನ ಮಗಳು ಕದ್ದಿಲ್ರಿ. ತಿನ್ನಿಸಿದಾಂವ ನಾನು, ಸುಳ್ಳು ಹೇಳಿದಾಂವನೂ ನಾನು." ನೀನು ನಡುವೆ ಬಾಯಿ ಹಾಕಿ "ಇರ್ಲಿ ಬಿಡಪ್ಪಾ" ಅನ್ನುತ್ತೀ, ಬಲ್ಲೆ. ಅನ್ನಬೇಡ. ಇನ್ನೊಂದು ಸಲ ನನ್ನ ಮಾನ ಕಾಯಬೇಡ, ಮಗಳೇ.